ಸ್ಥಿತಿಕರಣವೋ, ಸೆರೆಮನೆಯೋ?

ಸಪ್ತವ್ಯಸನಗಳ ಹೆಸರುಗಳನ್ನು ಪಾಠಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ: ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಗಮನ. ಈ ಏಳನ್ನೂ ಪೂರ್ವಾಚಾರ್ಯರು ಒಂದೇ ಹೆಸರಿನ ಕೆಳಗೆ ಏಕೆ ತಂದರೆಂಬ ಪ್ರಶ್ನೆಯನ್ನು ಮಾತ್ರ ದೊಡ್ಡವರೂ ಕೇಳಿಕೊಳ್ಳುವುದು ಅಪರೂಪ. ಇಂದಿನ ವ್ಯವಹಾರವು ಮದ್ಯವನ್ನು ವೈದ್ಯನಿಗೂ ಕಳವನ್ನು ಪೊಲೀಸರಿಗೂ ಹಂಚಿಕೊಟ್ಟಿದೆ. ಆಚಾರ್ಯರ ಪಟ್ಟಿಯಲ್ಲಿ ಅವೆರಡೂ ವ್ಯಸನಗಳೇ. ಒಂದರ ಕೈಹಿಡಿದು ಇನ್ನೊಂದು ಬರುತ್ತದೆ. ಮೊದಲನೆಯದನ್ನು ಬಿಡಿಸದೆ ಎರಡನೆಯದನ್ನು ಬಿಡಿಸುವುದು ಸಾಧ್ಯವಿಲ್ಲ. ಈ ಸಾಮಾನ್ಯ ಸತ್ಯವನ್ನು ಆಧುನಿಕ ನ್ಯಾಯಾಲಯವೊಂದು ಮೂರೂವರೆ ದಶಕಗಳ ಹಿಂದೆ ಕಂಡುಕೊಂಡಿತು. ಅದನ್ನು ಶತಮಾನಗಳಿಂದ ಬಲ್ಲ ಸಮಾಜವು ಮಾತ್ರ ಅದನ್ನು ಆಚರಣೆಯಲ್ಲಿ ಮರೆತು ಕುಳಿತಿದೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ನಿತ್ಯ ದೇವದರ್ಶನ, ರಾತ್ರಿಭೋಜನ ತ್ಯಾಗ, ಪರ್ಯೂಷಣದಲ್ಲಿ ಉಪವಾಸ, ಎಲ್ಲವೂ ಇರುವ ಸಂಪನ್ನ ವ್ಯಾಪಾರಿಯ ಮನೆ. ಓದಲು ನಗರಕ್ಕೆ ಹೋದ ಮಗ ಮಾದಕ ಗುಳಿಗೆಗಳ ವಶನಾಗಿ ಹಿಂದಿರುಗುತ್ತಾನೆ. ಮೊದಲು ತಂದೆಯ ಗಲ್ಲಾಪೆಟ್ಟಿಗೆಯ ಹಣ ಕಡಿಮೆಯಾಗುತ್ತದೆ. ಅನಂತರ ತಾಯಿಯ ಬಳೆ ಕಾಣೆಯಾಗುತ್ತದೆ. ಕೊನೆಗೆ ಬಸದಿಯ ಹುಂಡಿಯ ಬೀಗ ಮುರಿಯುತ್ತದೆ. ಮೊದಲ ಎರಡು ಸಂದರ್ಭಗಳಲ್ಲಿ ಮನೆಯವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಮೂರನೆಯದರಲ್ಲಿ ಟ್ರಸ್ಟಿನ ಆಡಳಿತ ಮಂಡಳಿಯು ತುರ್ತು ಸಭೆ ಸೇರಿ, ಹುಡುಗನ ಮೇಲೆ ದೂರು ಕೊಟ್ಟು, ಅವನ ಹೆಸರನ್ನು ಮತ್ತೆ ಎತ್ತಬಾರದೆಂದು ಮೌಖಿಕವಾಗಿ ನಿರ್ಣಯಿಸುತ್ತದೆ. ಮುಚ್ಚಿಡುವುದು, ಮುಚ್ಚಿಡಲಾಗದಾಗ ಹೊರದಬ್ಬುವುದು: ಸಮಾಜಕ್ಕೆ ಈ ಎರಡೇ ದಾರಿಗಳು ಗೊತ್ತು. ಈ ಎರಡರ ನಡುವೆ ಮೂರನೆಯದೊಂದು ದಾರಿಯಿದೆ. ಆ ದಾರಿಯನ್ನು ಶಾಸ್ತ್ರವೂ ತೋರಿಸುತ್ತದೆ, ದೇಶದ ಕಾನೂನೂ ತೆರೆದಿಟ್ಟಿದೆ. ಅದರಲ್ಲಿ ನಡೆಯದಿರುವುದು ಶ್ರಾವಕರ ದೋಷ.

ಮೊದಲು ನ್ಯಾಯಾಲಯದ ವಿಚಾರ. 1980ರ ದಶಕದಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಮಯಾಮಿ ನಗರವು ಕೊಕೇನಿನಿಂದ ತಯಾರಾಗುವ 'ಕ್ರ್ಯಾಕ್' ಎಂಬ ಅಗ್ಗದ ಮಾದಕ ವಸ್ತುವಿನ ಹಾವಳಿಗೆ ಸಿಕ್ಕಿತ್ತು. ಬಂಧನಗಳು ಹೆಚ್ಚಿದವು, ಸೆರೆಮನೆಗಳು ತುಂಬಿದವು. ಬಿಡುಗಡೆಯಾದವನು ಕೆಲವೇ ತಿಂಗಳಲ್ಲಿ ಅದೇ ಅಪರಾಧಕ್ಕಾಗಿ ಅದೇ ಕಟಕಟೆಯಲ್ಲಿ ಮತ್ತೆ ನಿಲ್ಲುತ್ತಿದ್ದನು. ಇದರಿಂದ ಬೇಸತ್ತ ಅಲ್ಲಿನ ನ್ಯಾಯಾಧೀಶರು 1989ರಲ್ಲಿ ಹೊಸ ಪ್ರಯೋಗವೊಂದನ್ನು ಆರಂಭಿಸಿದರು. ಮುಖ್ಯ ನ್ಯಾಯಾಧೀಶ ಜೆರಾಲ್ಡ್ ವೆದರಿಂಗ್ಟನ್ ಅವರ ಆದೇಶದಂತೆ ಸ್ಥಾಪಿತವಾದ ಆ ಪೀಠದಲ್ಲಿ ಮೊದಲು ಕುಳಿತವರು ಸ್ಟ್ಯಾನ್ಲಿ ಗೋಲ್ಡ್‌ಸ್ಟೀನ್. ಅದೇ ಮುಂದೆ 'ಡ್ರಗ್ ಕೋರ್ಟ್' ಎಂದು ಪ್ರಸಿದ್ಧವಾಯಿತು. ಇಂದು ಆ ದೇಶದಲ್ಲಿ ಇದೇ ಮಾದರಿಯ ಚಿಕಿತ್ಸಾ ನ್ಯಾಯಾಲಯಗಳು ಎಲ್ಲ ಬಗೆಯವೂ ಸೇರಿ ಮೂರೂವರೆ ಸಾವಿರಕ್ಕೂ ಹೆಚ್ಚಿವೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತವು 1998ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಶಾಸನ ಮಾಡಿ, 1999ರಲ್ಲಿ ಪ್ಯಾರಮಟ್ಟದಲ್ಲಿ ತನ್ನ ಮೊದಲ ಡ್ರಗ್ ಕೋರ್ಟನ್ನು ತೆರೆಯಿತು.

ಈ ನ್ಯಾಯಾಲಯದ ಕ್ರಮ ಸರಳವಾದುದು. ವ್ಯಸನದ ಕಾರಣದಿಂದ ಅಪರಾಧ ಮಾಡಿದವನು ಒಪ್ಪಿದರೆ ಅವನನ್ನು ಸೆರೆಮನೆಗೆ ಕಳುಹಿಸುವ ಬದಲು ಸುಮಾರು ಒಂದು ವರ್ಷದಿಂದ ಒಂದೂವರೆ ವರ್ಷದವರೆಗಿನ ಚಿಕಿತ್ಸಾಕ್ರಮಕ್ಕೆ ಒಳಪಡಿಸಲಾಗುತ್ತದೆ. ಆರಂಭದಲ್ಲಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಅವನು ಅದೇ ನ್ಯಾಯಾಧೀಶರ ಮುಂದೆ ಹಾಜರಾಗಬೇಕು. ಮುನ್ಸೂಚನೆಯಿಲ್ಲದೆ ಮೂತ್ರಪರೀಕ್ಷೆ ನಡೆಯುತ್ತದೆ. ಸರ್ಕಾರಿ ಅಭಿಯೋಜಕ, ಆರೋಪಿಯ ವಕೀಲ, ಚಿಕಿತ್ಸಕ, ಪರಿವೀಕ್ಷಣಾಧಿಕಾರಿ ಇವರೆಲ್ಲರೂ ವಾದ ಪ್ರತಿವಾದಗಳನ್ನು ಬದಿಗಿಟ್ಟು ಒಂದೇ ತಂಡವಾಗಿ ಕುಳಿತು ಅವನ ಪ್ರಗತಿಯನ್ನು ಪರಿಶೀಲಿಸುತ್ತಾರೆ. ನಡೆದುಕೊಂಡರೆ ಎಲ್ಲರೆದುರು ಪ್ರಶಂಸೆ ಮತ್ತು ನಿರ್ಬಂಧಗಳ ಸಡಿಲಿಕೆ. ತಪ್ಪಿದರೆ ಎಚ್ಚರಿಕೆ, ಹೆಚ್ಚಿನ ಹಾಜರಿ, ಸಮುದಾಯ ಸೇವೆ, ಕೊನೆಗೆ ಕೆಲವು ದಿನಗಳ ಬಂಧನ. ಕ್ರಮವನ್ನು ಪೂರೈಸಿದವನ ಮೊಕದ್ದಮೆಯನ್ನು ವಜಾ ಮಾಡಲಾಗುತ್ತದೆ, ಇಲ್ಲವೇ ಶಿಕ್ಷೆಯನ್ನು ತಗ್ಗಿಸಲಾಗುತ್ತದೆ. ಪೂರೈಸದವನಿಗೆ ಮೂಲ ಶಿಕ್ಷೆ ಕಾದಿರುತ್ತದೆ.

ಫಲವೇನಾಯಿತು? ವ್ಯಾಪಾರಿ ಸಮಾಜವು ಈ ಪ್ರಶ್ನೆಯನ್ನು ಮೊದಲು ಕೇಳುವುದು ಸಹಜ ಮತ್ತು ನ್ಯಾಯ. ಕ್ಯಾಂಬೆಲ್ ಕೊಲಾಬರೇಷನ್ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಜಾಲವು 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಇಂಥ ನ್ಯಾಯಾಲಯಗಳ 154 ಮೌಲ್ಯಮಾಪನಗಳನ್ನು ಒಟ್ಟಿಗೆ ಪರಿಶೀಲಿಸಿತು. ಸಾಮಾನ್ಯ ಕ್ರಮದಲ್ಲಿ ನೂರರಲ್ಲಿ 50 ಮಂದಿ ಮತ್ತೆ ಅಪರಾಧಕ್ಕಿಳಿಯುವರೆಂದು ಇಟ್ಟುಕೊಂಡರೆ, ವಯಸ್ಕರ ಡ್ರಗ್ ಕೋರ್ಟಿಗೆ ಸೇರಿದವರಲ್ಲಿ ಆ ಸಂಖ್ಯೆ ಸುಮಾರು 38ಕ್ಕೆ ಇಳಿಯುತ್ತದೆಂಬುದು ಅದರ ನಿಷ್ಕರ್ಷೆ. ಬಾಲಾಪರಾಧಿಗಳ ವಿಷಯದಲ್ಲಿ ಇಳಿಕೆ ಇದಕ್ಕಿಂತ ಬಹಳ ಕಡಿಮೆ. ನೂರರಲ್ಲಿ 38 ಮಂದಿ ಮತ್ತೆ ಬೀಳುವರೆಂಬುದನ್ನು ಮರೆಮಾಚಬಾರದು; ಹನ್ನೆರಡು ಮಂದಿ ಉಳಿದರೆಂಬುದನ್ನು ಲಘುವಾಗಿ ಎಣಿಸಲೂಬಾರದು. ಲೆಕ್ಕಶಾಸ್ತ್ರ ಬಲ್ಲವರಿಗೆ ಕರಗಿದ ಸಾಲಕ್ಕೂ ಸಂಶಯಾತ್ಮಕ ಸಾಲಕ್ಕೂ ಇರುವ ಅಂತರ ತಿಳಿದಿದೆ. ಸಂಶಯಾತ್ಮಕ ಸಾಲಕ್ಕೆ ನಿಧಿಯನ್ನು ಕಾದಿರಿಸಿ ವಸೂಲಿಯ ಪ್ರಯತ್ನವನ್ನು ಮುಂದುವರಿಸುತ್ತಾರೆ. ಕರಗಿದ ಸಾಲವನ್ನು ಮಾತ್ರ ಪುಸ್ತಕದಿಂದ ಹೊಡೆದುಹಾಕುತ್ತಾರೆ. ಹಣದ ವಿಷಯದಲ್ಲಿ ಇಷ್ಟು ತಾಳ್ಮೆಯುಳ್ಳ ವರ್ತಕನು ಮನುಷ್ಯನ ವಿಷಯದಲ್ಲಿ ಮೊದಲ ಬಾಕಿಗೇ ಖಾತೆಯನ್ನು ಮುಚ್ಚಿಬಿಡುವುದು ಯಾವ ನ್ಯಾಯ?

ಡ್ರಗ್ ಕೋರ್ಟುಗಳು ನಿರ್ದೋಷವಾದುವೆಂದು ಹೇಳುವುದು ಅಸತ್ಯವಾದೀತು. ಅವುಗಳನ್ನು ಟೀಕಿಸುವವರು ಅಮೆರಿಕದಲ್ಲಿಯೇ ಅನೇಕರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಸುಲಭವಾಗಿ ಗೆಲ್ಲಬಲ್ಲವರನ್ನು ಮಾತ್ರ ಆರಿಸಿಕೊಂಡು ಕಷ್ಟದ ಪ್ರಕರಣಗಳನ್ನು ಕೈಬಿಡುವ ಪ್ರವೃತ್ತಿ ಕೆಲವೆಡೆ ಕಂಡುಬಂದಿದೆ. ಚಿಕಿತ್ಸೆ ದೊರೆಯಬೇಕಾದರೆ ಮೊದಲು ತಪ್ಪೊಪ್ಪಿಕೊಳ್ಳಬೇಕೆಂಬ ನಿಯಮದಿಂದ ಬಡವರ ಹಕ್ಕುಗಳು ಸವೆದಿವೆ. ವ್ಯಸನದ ಮರುಕಳಿಕೆಯು ರೋಗದ ಲಕ್ಷಣವೆಂದು ವೈದ್ಯರು ಹೇಳುವಾಗ ಅದಕ್ಕಾಗಿ ಬಂಧನದ ಶಿಕ್ಷೆ ವಿಧಿಸಿದ ಉದಾಹರಣೆಗಳಿವೆ. ವೈದ್ಯರು ಸೂಚಿಸಿದ ಮೆಥಡೋನ್ ಮುಂತಾದ ಔಷಧಿಗಳನ್ನು ನ್ಯಾಯಾಧೀಶರೇ ನಿಲ್ಲಿಸಿದ ಪ್ರಸಂಗಗಳೂ ಉಂಟು. ಔಷಧ ಚಿಕಿತ್ಸೆಯನ್ನು ನಿರಾಕರಿಸುವ ಕೋರ್ಟುಗಳಿಗೆ ಅನುದಾನವಿಲ್ಲವೆಂದು ಅಲ್ಲಿನ ಕೇಂದ್ರ ಸರ್ಕಾರವು 2015ರಲ್ಲಿ ನಿಬಂಧನೆ ಹಾಕಬೇಕಾಯಿತು. ಬೇರೆ ಯಾವ ಅಪರಾಧವನ್ನೂ ಮಾಡದ, ಕೇವಲ ಚಟಕ್ಕೆ ಬಿದ್ದವನನ್ನು ಕೋರ್ಟಿಗೆಳೆಯುವುದೇ ತಪ್ಪು, ಅವನಿಗೆ ಬೇಕಾದುದು ಆಸ್ಪತ್ರೆ ಎಂಬ ವಾದವಂತೂ ಒಪ್ಪತಕ್ಕದ್ದೇ. ಈ ದೋಷಗಳೆಲ್ಲ ಅನುಷ್ಠಾನದವು. ಬಿದ್ದವನನ್ನು ಮತ್ತೆ ಮತ್ತೆ ಕರೆದು, ಒಂದೇ ಮುಖದ ಎದುರು ನಿಲ್ಲಿಸಿ, ಲೆಕ್ಕ ಒಪ್ಪಿಸಿಕೊಳ್ಳುವ ಮೂಲತತ್ತ್ವವು ಅವುಗಳಿಂದ ಸುಳ್ಳಾಗುವುದಿಲ್ಲ.

ಆ ಮೂಲತತ್ತ್ವವನ್ನು ಕೇಳಿದೊಡನೆ ಸ್ವಾಧ್ಯಾಯಶೀಲರಿಗೆ ಒಂದು ಪರಿಚಿತ ವಿಷಯ ನೆನಪಾಗಬೇಕು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತವನ್ನು ಆಭ್ಯಂತರ ತಪಸ್ಸುಗಳಲ್ಲಿ ಮೊದಲನೆಯದಾಗಿ ಎಣಿಸಿ ಅದರ ಒಂಬತ್ತು ಭೇದಗಳನ್ನು ಹೇಳಿದೆ: ಆಲೋಚನ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನ. ಈ ಕ್ರಮದಲ್ಲಿಯೇ ಒಂದು ನ್ಯಾಯಶಾಸ್ತ್ರ ಅಡಗಿದೆ. ಗುರುವಿನ ಮುಂದೆ ದೋಷವನ್ನು ನಿವೇದಿಸುವುದು ಮೊದಲ ಮೆಟ್ಟಿಲು. ದೀಕ್ಷಾಕಾಲವನ್ನು ಕಡಿತಗೊಳಿಸುವ ಛೇದ, ಸಂಘದಿಂದ ಕೆಲಕಾಲ ದೂರವಿಡುವ ಪರಿಹಾರ, ಇವು ಕೊನೆಗೆ ಬರುತ್ತವೆ. ಆ ಪರಿಹಾರವೂ ಕಟ್ಟಕಡೆಯದಲ್ಲ. ಅದರ ಮುಂದೆ ಉಪಸ್ಥಾಪನವಿದೆ, ಅಂದರೆ ವ್ರತದಲ್ಲಿ ಮರಳಿ ನೆಲೆಗೊಳಿಸುವುದು. ಹೊರಗಿಟ್ಟವನನ್ನು ಮತ್ತೆ ಒಳಗೆ ತರುವುದರಲ್ಲಿಯೇ ಪಟ್ಟಿ ಮುಗಿಯುತ್ತದೆ. ಮುನಿಸಂಘಕ್ಕಾಗಿ ಹೇಳಿದ ಈ ಕ್ರಮದ ಆಶಯವನ್ನು ಶ್ರಾವಕರ ಸಂಘವು ಪರಿಹಾರದಲ್ಲಿಯೇ ನಿಲ್ಲಿಸಿಬಿಟ್ಟಿದೆ. ಬಹಿಷ್ಕಾರ ಮಾಡಬಲ್ಲ ಟ್ರಸ್ಟುಗಳಿವೆ. ಉಪಸ್ಥಾಪನ ಮಾಡಬಲ್ಲ ಟ್ರಸ್ಟುಗಳೆಷ್ಟಿವೆ?

ಡ್ರಗ್ ಕೋರ್ಟಿಗೂ ಪ್ರಾಯಶ್ಚಿತ್ತಕ್ಕೂ ಒಂದು ಮುಖ್ಯ ಭೇದವಿರುವುದನ್ನೂ ಹೇಳಬೇಕು. ಆಲೋಚನವು ಸ್ವಪ್ರೇರಣೆಯಿಂದ ಹುಟ್ಟತಕ್ಕದ್ದು. ಕೋರ್ಟಿನ ಹಾಜರಿಯ ಹಿಂದೆ ಸೆರೆಮನೆಯ ಭಯವಿದೆ. ಭಯದಿಂದ ಆದ ತ್ಯಾಗ ತ್ಯಾಗವೇ ಅಲ್ಲವೆಂದು ಕೆಲವರು ಹೇಳಬಹುದು. ಆದರೆ ಮಾದಕ ವಸ್ತುವಿಗೆ ವಶನಾದವನ ಸ್ವಪ್ರೇರಣೆಯೇ ರೋಗಗ್ರಸ್ತವಾಗಿರುತ್ತದೆ. ಅಮಲು ಇಳಿದು ಬುದ್ಧಿ ತಿಳಿಯಾಗುವವರೆಗೆ ಹೊರಗಿನ ಕಟ್ಟುಪಾಡು ಊರುಗೋಲಿನಂತೆ ನೆರವಾದರೆ, ಮುಂದೆ ಒಳಗಿನ ಸಂಕಲ್ಪ ಹುಟ್ಟಲು ಅವಕಾಶವಾಗುತ್ತದೆ. ಬಾಲಕನಿಗೆ ರಾತ್ರಿಭೋಜನ ತ್ಯಾಗವನ್ನು ಮೊದಲು ಕಲಿಸುವುದು ಮನೆಯ ಶಿಸ್ತೇ. ವಿವೇಕ ಆಮೇಲೆ ಬರುತ್ತದೆ.

ಶ್ರಾವಕರ ಕರ್ತವ್ಯವು ಇನ್ನೂ ಸ್ಪಷ್ಟವಾಗಿ ಕಾಣುವುದು ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಂದೊಂದು ಅಂಗಕ್ಕೆ ಒಬ್ಬೊಬ್ಬರನ್ನು ದೃಷ್ಟಾಂತವಾಗಿ ಹೆಸರಿಸುತ್ತದೆ. ಮೊದಲ ಅಂಗವಾದ ನಿಃಶಂಕಿತಕ್ಕೆ ಅಲ್ಲಿ ಸಲ್ಲುವ ಹೆಸರು ಅಂಜನಚೋರನದು. ಅವನು ವೇಶ್ಯೆಯ ಮೋಹದಲ್ಲಿ ಸಿಲುಕಿ, ಅವಳು ಬಯಸಿದ ಹಾರಕ್ಕಾಗಿ ಅರಮನೆಗೆ ಕನ್ನವಿಟ್ಟವನು. ಒಂದು ವ್ಯಸನವು ಇನ್ನೊಂದನ್ನು ಹೆತ್ತ ಪ್ರಕರಣವೇ ಅದು. ಆ ಕಳ್ಳನು ಮುಂದೆ ದೀಕ್ಷೆ ವಹಿಸಿ ಮುಕ್ತನಾದನೆಂದು ಕಥೆ ಹೇಳುತ್ತದೆ. ಶ್ರದ್ಧೆಯ ದೃಷ್ಟಾಂತಗಳಲ್ಲಿ ಮೊದಲ ಸ್ಥಾನವನ್ನು ಚೋರನಿಗೆ ಕೊಟ್ಟ ಪರಂಪರೆಯ ವಾರಸುದಾರರು, ಹುಂಡಿಯ ಬೀಗ ಮುರಿದ ಹುಡುಗನಿಗೆ ಬಸದಿಯ ಕೊನೆಯ ಸಾಲಿನಲ್ಲಿಯೂ ಜಾಗವಿಲ್ಲವೆನ್ನುವುದು ವಿಪರ್ಯಾಸವಲ್ಲವೇ?

ಐದನೆಯ ಅಂಗ ಉಪಗೂಹನ. ಇದರ ದೃಷ್ಟಾಂತ ಜಿನೇಂದ್ರಭಕ್ತನೆಂಬ ಶ್ರೇಷ್ಠಿ, ಅಂದರೆ ಒಬ್ಬ ವರ್ತಕ. ಕ್ಷುಲ್ಲಕನ ವೇಷ ಧರಿಸಿ ಬಂದ ಕಳ್ಳನೊಬ್ಬ ಅವನ ಚೈತ್ಯಾಲಯದ ಛತ್ರದಲ್ಲಿದ್ದ ರತ್ನವನ್ನು ಅಪಹರಿಸಿ ಓಡುವಾಗ ಕಾವಲಿನವರ ಕೈಗೆ ಸಿಕ್ಕಿಬೀಳುವುದರಲ್ಲಿದ್ದನು. ತಪಸ್ವಿವೇಷಕ್ಕೆ ಕಳಂಕ ತಟ್ಟಬಾರದೆಂದು ಶ್ರೇಷ್ಠಿಯು ತಾನೇ ಆ ರತ್ನವನ್ನು ತರಿಸಿದೆನೆಂದು ಹೇಳಿ ಜನರನ್ನು ಕಳುಹಿಸಿದನು. ಅನಂತರ ಆ ಕಳ್ಳನನ್ನು ರಾತ್ರಿಯೇ ಹೊರಗಟ್ಟಿದನು. ಮಗನ ಕಳವನ್ನು ಮುಚ್ಚಿಡುವ ಮನೆಗಳೂ, ಹಗರಣವನ್ನು ಒಳಗೊಳಗೇ ಅದುಮಿಡುವ ಟ್ರಸ್ಟುಗಳೂ ಈ ಕಥೆಯ ಆಸರೆ ಪಡೆಯುತ್ತವೆ. ಶ್ರೇಷ್ಠಿಯು ರಕ್ಷಿಸಿದ್ದು ಮಾರ್ಗದ ಗೌರವವನ್ನು. ಇಂದಿನವರು ರಕ್ಷಿಸಿಕೊಳ್ಳುವುದು ಮಗಳ ಮದುವೆಯ ಮಾತುಕತೆಯನ್ನು, ಅಂಗಡಿಯ ಹೆಸರನ್ನು, ಅಧ್ಯಕ್ಷಸ್ಥಾನವನ್ನು. ಇದಕ್ಕೆ ಉಪಗೂಹನವೆಂದು ಹೆಸರಿಡುವುದು ಆ ಅಂಗಕ್ಕೆ ಮಾಡುವ ಅಪಚಾರ.

ಇನ್ನೂ ಒಂದು ಮಾತು. ಹೊರಗಟ್ಟಿದ ಆ ಕಳ್ಳನು ಮುಂದೆ ಏನಾದನೆಂಬುದರ ಮೇಲೆ ಉಪಗೂಹನದ ಕಥೆ ನಿಂತಿಲ್ಲ. ಆದುದರಿಂದಲೇ ಆಚಾರ್ಯರು ಐದನೆಯ ಅಂಗದಲ್ಲಿಯೇ ನಿಲ್ಲಿಸದೆ ಆರನೆಯದಾಗಿ ಸ್ಥಿತಿಕರಣವನ್ನು ಇಟ್ಟಿದ್ದಾರೆಂದು ಭಾವಿಸಬೇಕು. ದಾರಿಯಿಂದ ಜಾರಿದವನನ್ನು ಮರಳಿ ದಾರಿಯಲ್ಲಿ ನಿಲ್ಲಿಸುವುದೇ ಸ್ಥಿತಿಕರಣ. ಅದರ ದೃಷ್ಟಾಂತ ಶ್ರೇಣಿಕ ಮಹಾರಾಜನ ಮಗನಾದ ವಾರಿಷೇಣ ಮುನಿ. ಅವನೊಡನೆ ದೀಕ್ಷೆ ಪಡೆದ ಗೆಳೆಯನು ಹನ್ನೆರಡು ವರ್ಷ ಕಳೆದರೂ ಹೆಂಡತಿಯ ನೆನಪಿನಿಂದ ಬಿಡುಗಡೆ ಹೊಂದದೆ ಮನೆಗೆ ಹೊರಟುನಿಂತನು. ವಾರಿಷೇಣನು ಅವನನ್ನು ನಿಂದಿಸಲಿಲ್ಲ, ಬಿಟ್ಟುಬಿಡಲೂ ಇಲ್ಲ. ತಾನೇ ಜೊತೆಯಲ್ಲಿ ನಡೆದು ತನ್ನ ಅರಮನೆಗೆ ಕರೆದೊಯ್ದು, ತಾನು ತ್ಯಜಿಸಿದ ಭೋಗವನ್ನೆಲ್ಲ ಎದುರಿಗೆ ನಿಲ್ಲಿಸಿ ಬೇಕಾದರೆ ತೆಗೆದುಕೊಳ್ಳೆಂದನು. ಗೆಳೆಯನು ನಾಚಿ, ಎಚ್ಚೆತ್ತು, ದೃಢನಾದನು. ಹನ್ನೆರಡನೆಯ ಶತಮಾನದ ನಯಸೇನನು ಮುಳುಗುಂದದಲ್ಲಿ ಕುಳಿತು ತನ್ನ ಧರ್ಮಾಮೃತದಲ್ಲಿ ಈ ಅಂಗಗಳ ಕಥೆಗಳನ್ನು ಕನ್ನಡದ ಸಾಮಾನ್ಯ ಜನಕ್ಕೆ ತಿಳಿಯುವಂತೆ ಬಿತ್ತರಿಸಿದನು. ಜೊತೆಯಲ್ಲಿ ನಡೆಯುವುದು ಈ ಕಥೆಯ ಸಾರ. ಮಯಾಮಿಯ ನ್ಯಾಯಾಧೀಶರು ವಾರಿಷೇಣನ ಹೆಸರನ್ನು ಕೇಳಿದವರಲ್ಲ. ಆದರೆ ವಾರ ವಾರ ವ್ಯಸನಿಯನ್ನು ಹೆಸರು ಹಿಡಿದು ಕರೆದು ಮಾತನಾಡಿಸಿದಾಗ ಅವರು ಮಾಡಿದ್ದು ಅದೇ ಕೆಲಸ.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ.

ಮೊದಲನೆಯದು ಕರ್ಮದ ಹೆಸರಿನಲ್ಲಿ ಬರುತ್ತದೆ: ಅವನವನ ಕರ್ಮದ ಉದಯವನ್ನು ಅವನವನೇ ಅನುಭವಿಸಬೇಕು, ಅನ್ಯರು ನಡುವೆ ಬರಲಾಗದು ಎಂದು. ಕರ್ಮಸಿದ್ಧಾಂತವನ್ನು ಅರ್ಧ ಓದಿದವರ ಮಾತಿದು. ಕಟ್ಟಿದ ಕರ್ಮದ ಸ್ಥಿತಿ ಮತ್ತು ಅನುಭಾಗಗಳು ಕುಗ್ಗುವ ಅಪಕರ್ಷಣ, ಒಂದು ಪ್ರಕೃತಿ ಇನ್ನೊಂದಾಗಿ ಮಾರ್ಪಡುವ ಸಂಕ್ರಮಣ, ತಪಸ್ಸಿನಿಂದಾಗುವ ನಿರ್ಜರೆ, ಇವೆಲ್ಲವೂ ಆ ಸಿದ್ಧಾಂತದ ಭಾಗಗಳೇ. ಕರ್ಮವು ಬದಲಿಸಲಾಗದ ವಿಧಿಲಿಖಿತವೇ ಆಗಿದ್ದರೆ ವ್ರತವೇಕೆ, ಸ್ವಾಧ್ಯಾಯವೇಕೆ, ಮುನಿಗಳ ಉಪದೇಶವೇಕೆ? ತನ್ನ ಮಗನಿಗೆ ಜ್ವರ ಬಂದಾಗ ಕರ್ಮೋದಯವೆಂದು ಯಾವ ತಂದೆಯೂ ಕೈಕಟ್ಟಿ ಕೂರುವುದಿಲ್ಲ. ಪರರ ಮಗನ ವ್ಯಸನಕ್ಕೆ ಮಾತ್ರ ಈ ಸಿದ್ಧಾಂತ ನೆನಪಾಗುವುದು ಕರುಣೆಯ ಕೊರತೆಯನ್ನು ತೋರಿಸುತ್ತದೆ, ಶಾಸ್ತ್ರಜ್ಞಾನವನ್ನಲ್ಲ.

ಎರಡನೆಯದು, ಇದು ಅಪರಾಧಿಗೆ ತೋರುವ ಮುದ್ದು ಎಂಬುದು. ಸೆರೆಮನೆಯಲ್ಲಿ ವ್ಯಸನಿಯು ಮಾಡಬೇಕಾದುದು ದಿನ ಎಣಿಸುವುದೊಂದೇ. ಚಿಕಿತ್ಸಾ ನ್ಯಾಯಾಲಯದಲ್ಲಿ ಅವನು ತನ್ನ ಸುಳ್ಳುಗಳನ್ನು ಬಿಡಬೇಕು, ಹಳೆಯ ಸಂಗವನ್ನು ಬಿಡಬೇಕು, ಕೆಲಸ ಹುಡುಕಬೇಕು, ಕದ್ದುದನ್ನು ತುಂಬಿಕೊಡಬೇಕು, ಪ್ರತಿ ವಾರ ಎಲ್ಲರೆದುರು ಉತ್ತರ ಹೇಳಬೇಕು. ಉಪವಾಸ ಮಾಡಿದವರಿಗೆ ಗೊತ್ತು, ಹೊರಗಿನವರು ಅನ್ನವನ್ನು ಕಸಿದುಕೊಳ್ಳುವುದಕ್ಕಿಂತ ಎದುರಿಗಿರುವ ಅನ್ನವನ್ನು ತಾನೇ ಬಿಡುವುದು ಎಷ್ಟು ಕಠಿಣವೆಂಬುದು.

ಮೂರನೆಯದು, ಇದು ಪರದೇಶದ ವಿಚಾರ, ಇಲ್ಲಿನ ಕಾನೂನಿನಲ್ಲಿ ಇದಕ್ಕೆ ಎಡೆಯೆಲ್ಲಿ ಎಂಬುದು. ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು.

ಭಾರತದಲ್ಲಿ ಮಾದಕ ದ್ರವ್ಯಗಳಿಗೆ ಸಂಬಂಧಿಸಿದ ಎನ್.ಡಿ.ಪಿ.ಎಸ್. ಕಾಯಿದೆ 1985ರದು. ಅದರ ಮೇರೆಗೆ ಸ್ಥಾಪಿತವಾದ ವಿಶೇಷ ನ್ಯಾಯಾಲಯಗಳು ಡ್ರಗ್ ಕೋರ್ಟುಗಳಲ್ಲ. ಶೀಘ್ರ ವಿಚಾರಣೆ ಅವುಗಳ ಉದ್ದೇಶ. ಸೇವನೆಗೂ ಅದರ 27ನೆಯ ಕಲಮು ಶಿಕ್ಷೆ ವಿಧಿಸುತ್ತದೆ: ವಸ್ತುವನ್ನು ಅವಲಂಬಿಸಿ ಆರು ತಿಂಗಳು ಅಥವಾ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ. ಆದರೆ ಅದೇ ಕಾಯಿದೆಯ 39ನೆಯ ಕಲಮಿನಂತೆ, ಸೇವನೆಗಾಗಿ ಅಥವಾ ಅಲ್ಪ ಪ್ರಮಾಣದ ಮಾದಕಕ್ಕಾಗಿ ತಪ್ಪಿತಸ್ಥನಾದ ವ್ಯಸನಿಯನ್ನು ನ್ಯಾಯಾಲಯವು ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಸರ್ಕಾರದ ಅಥವಾ ಸರ್ಕಾರದಿಂದ ಮಾನ್ಯವಾದ ಸಂಸ್ಥೆಗೆ ಚಿಕಿತ್ಸೆಗಾಗಿ ಕಳುಹಿಸಬಹುದು. ಒಂದು ವರ್ಷದೊಳಗೆ ಅವನು ಚಿಕಿತ್ಸೆಯ ವರದಿಯೊಡನೆ ನ್ಯಾಯಾಲಯದ ಮುಂದೆ ಹಾಜರಾಗಬೇಕು. ಇನ್ನು 64ಎ ಕಲಮಿನಂತೆ, ಇಂಥ ಆರೋಪಕ್ಕೆ ಒಳಗಾದ ವ್ಯಸನಿಯು ತಾನಾಗಿಯೇ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದಲೇ ಅವನಿಗೆ ರಕ್ಷಣೆ ದೊರೆಯುತ್ತದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ಹೋಗುತ್ತದೆ.

ಹುಂಡಿಯ ಕಳವಿನಂಥ ಅಪರಾಧಕ್ಕೆ ಬೇರೊಂದು ಬಾಗಿಲಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ 4ನೆಯ ಕಲಮಿನಂತೆ, ಮರಣದಂಡನೆ ಅಥವಾ ಆಜೀವ ಸೆರೆವಾಸಕ್ಕೆ ಗುರಿಯಾಗದ ಅಪರಾಧಗಳಲ್ಲಿ ತಪ್ಪಿತಸ್ಥನನ್ನು ಸದ್ವರ್ತನೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸುವಾಗ, ಅಮಲು ಪದಾರ್ಥಗಳಿಂದ ದೂರವಿರಬೇಕೆಂಬ ಷರತ್ತನ್ನು ಹಾಕಬಹುದೆಂದು ಆ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅದೇ ಕಲಮು ಇನ್ನೊಂದು ಮಾತನ್ನೂ ಕೇಳುತ್ತದೆ: ತಪ್ಪಿತಸ್ಥನಿಗಾಗಲಿ ಅವನ ಜಾಮೀನುದಾರನಿಗಾಗಲಿ ಸ್ಥಿರವಾದ ವಾಸಸ್ಥಳ ಅಥವಾ ನಿಯತವಾದ ಉದ್ಯೋಗ ಇದೆಯೇ ಎಂದು. ವರ್ತಕ ಸಮಾಜವು ಈ ವಾಕ್ಯವನ್ನು ಎರಡು ಬಾರಿ ಓದಬೇಕು. ಕಾನೂನು ಕೇಳುತ್ತಿರುವುದು ವಿಳಾಸ, ಉದ್ಯೋಗ, ಜಾಮೀನು. ಅಂಗಡಿ, ಗೋದಾಮು, ಕಾರ್ಖಾನೆ, ಬಾಡಿಗೆ ಮನೆಗಳು, ಊರಿನಲ್ಲಿ ಹೆಸರು ಇವೆಲ್ಲ ಇರುವ ಸಮಾಜಕ್ಕೆ ಇವುಗಳಲ್ಲಿ ಯಾವುದು ದುರ್ಲಭ?

ಬಾಗಿಲುಗಳಿವೆ, ನಡೆಯುವವರಿಲ್ಲ. ಪಂಜಾಬಿನಲ್ಲಿ ಎನ್.ಡಿ.ಪಿ.ಎಸ್. ಕಾಯಿದೆಯ ಜಾರಿಯನ್ನು ಕುರಿತು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ 2018ರಲ್ಲಿ ಹೊರತಂದ ಅಧ್ಯಯನವು, ವ್ಯಸನಿಗಳು ಚಿಕಿತ್ಸೆಯತ್ತ ಸಾಗುವ ಬದಲು ಶಿಕ್ಷೆಯತ್ತಲೇ ಸಾಗುತ್ತಿರುವ ಚಿತ್ರವನ್ನು ಮುಂದಿಟ್ಟಿತು. 2019ರಲ್ಲಿ ಪ್ರಕಟವಾದ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಮೀಕ್ಷೆಯಂತೆ, ದೇಶದಲ್ಲಿ ಅಫೀಮು ಜಾತಿಯ ಮಾದಕಗಳನ್ನು ಬಳಸುವವರು ಸುಮಾರು 2.26 ಕೋಟಿ, ಅವರಲ್ಲಿ ನೆರವು ಬೇಕಾದವರು ಸುಮಾರು 77 ಲಕ್ಷ. ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆಯೆಂದು ಅದೇ ಸಮೀಕ್ಷೆ ಹೇಳುತ್ತದೆ. ಈ ಕೋಟಿಗಳಲ್ಲಿ ಜೈನ ಮನೆಗಳ ಮಕ್ಕಳು ಒಬ್ಬರೂ ಇಲ್ಲವೆಂದು ಎದೆಯ ಮೇಲೆ ಕೈಯಿಟ್ಟು ಹೇಳಬಲ್ಲವರು ಯಾರು?

ಆದುದರಿಂದ ಶ್ರಾವಕರೂ ಟ್ರಸ್ಟುಗಳೂ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ.

ಮೊದಲನೆಯದು ಸ್ವಂತ ಅಂಗಡಿಯಿಂದ ಆರಂಭವಾಗಬೇಕು. ವ್ಯಸನಿಯು ಕದ್ದ ಬಳೆ ಯಾರಿಗೋ ಮಾರಾಟವಾಗುತ್ತದೆ. ಅರ್ಧ ಬೆಲೆಗೆ, ರಸೀದಿಯಿಲ್ಲದೆ, ಪ್ರಶ್ನೆ ಕೇಳದೆ ಕೊಳ್ಳುವವನಿಲ್ಲದಿದ್ದರೆ ಆ ಕಳವು ನಡೆಯುವುದೇ ಇಲ್ಲ. ಕದ್ದು ತಂದುದನ್ನು ಕೊಳ್ಳುವ ತದಾಹೃತಾದಾನವನ್ನು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದಾಗಿ ಶಾಸ್ತ್ರವು ಹೆಸರಿಸಿದೆ. ಚಿನ್ನ ಬೆಳ್ಳಿಯ ಅಂಗಡಿ, ಗಿರವಿ ಅಂಗಡಿ, ಗುಜರಿ ವ್ಯಾಪಾರ ನಡೆಸುವವರು ಇದನ್ನು ತಮ್ಮ ಎದೆಗೆ ಹೇಳಿಕೊಳ್ಳಬೇಕು. ಔಷಧಿ ಅಂಗಡಿಯವರಿಗೂ ಇದೇ ಮಾತು. ಟ್ರಮಡಾಲ್ ಎಂಬ ನೋವಿನ ಗುಳಿಗೆಯನ್ನು 2018ರಲ್ಲಿ ಎನ್.ಡಿ.ಪಿ.ಎಸ್. ಕಾಯಿದೆಯ ವ್ಯಾಪ್ತಿಗೆ ತರಬೇಕಾಗಿ ಬಂದದ್ದು ಅದರ ದುರ್ಬಳಕೆ ಅಷ್ಟು ಹಬ್ಬಿದ್ದರಿಂದಲೇ. ವೈದ್ಯರ ಚೀಟಿಯಿಲ್ಲದೆ ಇಂಥ ಗುಳಿಗೆಯನ್ನು ಮಾರಿದ ಲಾಭದಿಂದ ಅಭಿಷೇಕದ ಕಲಶವನ್ನು ಹರಾಜಿನಲ್ಲಿ ಕೂಗುವವನು ಯಾವ ಪುಣ್ಯವನ್ನು ಗಳಿಸುತ್ತಾನೆ?

ಎರಡನೆಯದು ಜಾಮೀನು ಮತ್ತು ಉದ್ಯೋಗ. ಪ್ರತಿ ಊರಿನ ಟ್ರಸ್ಟು ಐದಾರು ಮಂದಿ ಗೌರವಸ್ಥ ಶ್ರಾವಕರನ್ನು, ಮಹಿಳೆಯರೂ ಸೇರಿದಂತೆ, ಈ ಕಾರ್ಯಕ್ಕೆ ನೇಮಿಸಲಿ. ಒಬ್ಬ ವಕೀಲರೂ ಒಬ್ಬ ವೈದ್ಯರೂ ಅವರ ಜೊತೆಗಿರಲಿ. ಮೊದಲ ಬಾರಿ ತಪ್ಪಿದ ವ್ಯಸನಿಗೆ ಜಾಮೀನು ನಿಲ್ಲುವುದು, ಕೆಲಸ ಕೊಡುವುದು, ನ್ಯಾಯಾಲಯದಲ್ಲಿ 39ನೆಯ ಕಲಮನ್ನಾಗಲಿ 1958ರ ಕಾಯಿದೆಯನ್ನಾಗಲಿ ಪ್ರಾರ್ಥಿಸುವಂತೆ ಅವನ ವಕೀಲರಿಗೆ ನೆರವಾಗುವುದು ಇವರ ಹೊಣೆ. ಟ್ರಸ್ಟೇ ಫಿರ್ಯಾದುದಾರನಾಗಿರುವಲ್ಲಿ ಸತ್ಯವನ್ನು ಮರೆಮಾಚಬೇಕಾಗಿಲ್ಲ. ದೂರು ಕೊಡಲಿ, ಆದರೆ ಶಿಕ್ಷೆಯ ಹಂತದಲ್ಲಿ ಚಿಕಿತ್ಸೆಯೊಡನೆ ಬಿಡುಗಡೆ ಮಾಡಲು ತನ್ನ ಆಕ್ಷೇಪಣೆಯಿಲ್ಲವೆಂದು ನ್ಯಾಯಾಲಯಕ್ಕೆ ತಿಳಿಸಲಿ. ಸತ್ಯಾಣುವ್ರತಕ್ಕೂ ಸ್ಥಿತಿಕರಣಕ್ಕೂ ಇದರಲ್ಲಿ ವಿರೋಧವಿಲ್ಲ.

ಮೂರನೆಯದು ಚಿಕಿತ್ಸೆಯ ಆಯ್ಕೆ. ಹೊಡೆದು ಬಡಿದು ಕೂಡಿಹಾಕುವ ಖಾಸಗಿ ಕೇಂದ್ರಗಳ ಸುದ್ದಿಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಹಿಂಸೆಯಿಂದ ವ್ಯಸನ ಬಿಡಿಸುವ ಇಂಥ ಸ್ಥಳಕ್ಕೆ ಅಹಿಂಸಾಧರ್ಮದ ಹಣ ಒಂದು ರೂಪಾಯಿಯೂ ಸಲ್ಲಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕಗಳಿಂದಾಗುವ ಮನೋವಿಕಾರಗಳನ್ನೂ ತನ್ನ ವ್ಯಾಪ್ತಿಯಲ್ಲಿ ಸೇರಿಸಿಕೊಂಡಿದೆ. ಕೇಂದ್ರವು ನೋಂದಣಿಯಾಗಿದೆಯೇ ಎಂದು ವಿಚಾರಿಸುವುದು ದಾನಿಯ ಕರ್ತವ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಪ್ರತ್ಯೇಕ ವಿಭಾಗವಿದೆ. ಮೊದಲ ಸಲಹೆಯನ್ನು ಅಂಥಲ್ಲಿ ಪಡೆಯುವುದು ಲೇಸು.

ನಾಲ್ಕನೆಯದು ಚಿಕಿತ್ಸೆಯ ನಂತರದ ನಡಿಗೆ. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಜೈನ ಹೆಗ್ಗಡೆ ಮನೆತನದ ಧರ್ಮಾಧಿಕಾರಿಗಳ ನೇತೃತ್ವದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ನಾಡಿನಾದ್ಯಂತ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿವೆ. ಎಂಟು ದಿನಗಳ ಶಿಬಿರ ಮುಗಿದ ಮೇಲೆ ಪಾನಮುಕ್ತರಾದವರು ನವಜೀವನ ಸಮಿತಿಗಳಲ್ಲಿ ಕೂಡಿ ಒಬ್ಬರನ್ನೊಬ್ಬರು ಎತ್ತಿಹಿಡಿಯುವ ವ್ಯವಸ್ಥೆಯೂ ಅಲ್ಲಿದೆ. ಎಂಟು ದಿನದ ಪ್ರತಿಜ್ಞೆಯನ್ನು ವರ್ಷಗಟ್ಟಲೆ ಉಳಿಸಬೇಕಾದರೆ ಇಂಥ ಕೂಟಗಳೇ ಬೇಕು. ಮದ್ಯಕ್ಕೆ ಇಷ್ಟು ಮಾಡಬಲ್ಲ ನಾಡಿನಲ್ಲಿ ಮಾದಕ ಗುಳಿಗೆಗೆ ಬಲಿಯಾಗಿ ಕಟಕಟೆಯಲ್ಲಿ ನಿಂತ ಯುವಕನಿಗೆ ಇಂಥದೇ ಒಂದು ಕೂಟವನ್ನು ಬಸದಿಯ ಸಭಾಭವನದಲ್ಲಿ ವಾರಕ್ಕೊಂದು ಸಂಜೆ ನಡೆಸಲು ತಗಲುವ ವೆಚ್ಚವೆಷ್ಟು? ಒಂದು ಆಮಂತ್ರಣ ಪತ್ರಿಕೆಯ ಬಣ್ಣದ ಮುದ್ರಣಕ್ಕೆ ಆಗುವಷ್ಟೂ ಆಗದು.

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಅಭಯದಾನವೂ ಇವೆ. ಗೋಶಾಲೆಗೆ, ಪಾಂಜರಪೋಳಕ್ಕೆ, ಪಕ್ಷಿಗಳ ಆಸ್ಪತ್ರೆಗೆ ಉದಾರವಾಗಿ ಕೊಡುವ ಸಮಾಜದ ಕೈ ಚಿಕ್ಕದಲ್ಲ. ಮೂಕ ಪ್ರಾಣಿಗೆ ಅಭಯ ನೀಡುವ ಆ ಕೈ, ಮಾತು ಬಂದರೂ ಲಜ್ಜೆಯಿಂದ ಮೂಕನಾದ ಮನುಷ್ಯನೆಡೆಗೆ ಏಕೆ ಚಾಚದು? ಪ್ರಾಣಿಯು ಅಪರಾಧ ಮಾಡಿರುವುದಿಲ್ಲವೆಂದು ಉತ್ತರ ಬರಬಹುದು. ಅಪರಾಧ ಮಾಡದವನಿಗೆ ಸ್ಥಿತಿಕರಣದ ಅಗತ್ಯವೇ ಇಲ್ಲ. ಜಾರಿದವನಿಗಾಗಿಯೇ ಆ ಅಂಗ ಹುಟ್ಟಿದೆ.

ಹುಂಡಿಯ ಬೀಗ ಮುರಿದ ಹುಡುಗನ ವಿಚಾರಕ್ಕೆ ಮರಳಬಹುದು. ಅವನು ಇಂದಲ್ಲ ನಾಳೆ ಸೆರೆಮನೆಯಿಂದ ಹೊರಬರುತ್ತಾನೆ. ಅಂದು ಬಾಗಿಲಲ್ಲಿ ಅವನನ್ನು ಎದುರುಗೊಳ್ಳುವವನು ಗುಳಿಗೆ ಮಾರುವವನೋ ಬಸದಿಯ ಟ್ರಸ್ಟಿಯೋ ಎಂಬುದು ತೀರ್ಮಾನವಾಗುವುದು ನ್ಯಾಯಾಲಯದಲ್ಲಿ ಅಲ್ಲ. ಅದು ತೀರ್ಮಾನವಾಗುವುದು ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ. ಆ ಸಭೆಯ ವಿಷಯಸೂಚಿಯಲ್ಲಿ ಗೋಪುರದ ಬಣ್ಣವೂ ವಾರ್ಷಿಕೋತ್ಸವದ ಊಟವೂ ಇರುವಂತೆಯೇ ಈ ಒಂದು ವಿಷಯವೂ ಇರಲಿ. ಅದನ್ನು ಮಂಡಿಸುವ ಧೈರ್ಯವಿರುವ ಒಬ್ಬ ಸದಸ್ಯನು ಪ್ರತಿ ಊರಿನಲ್ಲಿ ದೊರೆತರೆ ಆರನೆಯ ಅಂಗವು ಪಾಠಶಾಲೆಯ ಪುಸ್ತಕದಿಂದ ಊರಿನ ಬೀದಿಗೆ ಇಳಿದು ಬಂದೀತು.